ತೀರದ ಶಾಯಿ

ಬಾಲ್ ಪೆನ್ನು ಬಂದಾಗ ಶಾಯಿ ಪೆನ್ನಿನ ಕಾಲ ಮುಗಿಯಿತೆಂದರು. ಕಂಪ್ಯೂಟರು ಬಂದಾಗ ಕೈಬರಹದ ಕಾಲವೇ ಮುಗಿಯಿತೆಂದರು. ಶಾಯಿ ಪೆನ್ನು ಮಾತ್ರ ಸಾಯದೆ ಬೇರೊಂದು ಜನ್ಮ ಎತ್ತಿತು. ಶಾಲೆಯ ಚೀಲದಿಂದ, ಗುಮಾಸ್ತರ ಜೇಬಿನಿಂದ ಹೊರಟು ಸಂಗ್ರಾಹಕರ ಮಖಮಲ್ಲಿನ ಪೆಟ್ಟಿಗೆ ಸೇರಿತು. ಬರೆಯಲೇಬೇಕಾದ ಅಗತ್ಯ ಕಡಿಮೆಯಾದಂತೆ ಬರೆಯುವ ಸಾಧನದ ಮೇಲಿನ ಮೋಹ ಹೆಚ್ಚಾಯಿತು. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಮೋಹಕ್ಕೆ ಮೊದಲು ಸಿಕ್ಕಿಬೀಳುವವರು ಬರೆಯಬೇಕೆಂಬ ಆಸೆ ಇರುವವರೇ. ಹಾಗಾಗಿ ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಕೊಂಚ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಸುಖದ ಮಾತು ಆಡಿಬಿಡೋಣ, ಯಾಕೆಂದರೆ ಆ ಸುಖ ಸುಳ್ಳಲ್ಲ. ಬಾಲ್ ಪೆನ್ನಿನಲ್ಲಿ ಅಂಟಿನಂಥ ಶಾಯಿ ಇರುತ್ತದೆ. ಪುಟ್ಟ ಗುಂಡನ್ನು ಒತ್ತಿ ಉರುಳಿಸಿದರೆ ಮಾತ್ರ ಅದು ಕಾಗದಕ್ಕಿಳಿಯುತ್ತದೆ. ಶಾಯಿ ಪೆನ್ನಿನಲ್ಲಿ ನೀರಿನಂಥ ಶಾಯಿ ನಿಬ್ಬಿನ ಸೀಳಿನಲ್ಲಿ ತಾನಾಗಿ ಇಳಿದುಬಂದು, ಕಾಗದ ಮುಟ್ಟಿದೊಡನೆ ಹರಿಯುತ್ತದೆ. ಒತ್ತಬೇಕಾಗಿಲ್ಲ, ತಾಗಿಸಿದರೆ ಸಾಕು. ಗಂಟೆಗಟ್ಟಲೆ ಬರೆದವರ ಬೆರಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಶಾಯಿಗೂ ಅದರದೇ ಜೀವವಿದೆ. ಶತಮಾನಗಳ ಕಾಲ ಯುರೋಪಿನ ದಫ್ತರಗಳನ್ನೆಲ್ಲ ಬರೆದದ್ದು ಮಾಚಿಕಾಯಿ ಮತ್ತು ಕಬ್ಬಿಣದ ಲವಣ ಬೆರೆಸಿ ಮಾಡಿದ ಶಾಯಿಯಲ್ಲಿ. ನಮ್ಮ ಬಾಣಂತಿ ಮನೆಗಳಲ್ಲಿ ಬಜೆಯ ಜೊತೆ ತೇಯ್ದು ಮಗುವಿಗೆ ನೆಕ್ಕಿಸುವ ಮಾಚಿಕಾಯಿಯೇ ಅದು. ಬರೆಯುವಾಗ ತೆಳುವಾಗಿ ಕಾಣುವ ಈ ಶಾಯಿ ಗಾಳಿ ತಾಗುತ್ತಾ ಕಪ್ಪಾಗುತ್ತದೆ. ಬರೆದ ಸಾಲು ಕಣ್ಣೆದುರೇ ಬಲಿಯುವುದನ್ನು ನೋಡುವ ಸಂತೋಷವನ್ನು ಕೀಬೋರ್ಡು ಕೊಡಲಾರದು.

ಕನ್ನಡ ಬರೆಯುವವರಿಗೆ ಇನ್ನೊಂದು ಸಂತೋಷವೂ ಇದೆ. ನಮ್ಮ ಲಿಪಿ ದುಂಡಗಿನದು. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ಅಕ್ಷರಗಳು ದುಂಡಗಾದವು ಎಂಬ ವಿವರಣೆ ಪ್ರಸಿದ್ಧವಾಗಿದೆ. ಕಾರಣ ಏನೇ ಇರಲಿ, ದುಂಡು ಅಕ್ಷರದ ಕೆಳಗೆ ಒತ್ತಕ್ಷರ, ಅದರ ಪಕ್ಕದಲ್ಲಿ ದೀರ್ಘ, ಇಷ್ಟಕ್ಕೂ ಒಂದೇ ಸಾಲಿನಲ್ಲಿ ಜಾಗ ಬೇಕು. ದಪ್ಪ ನಿಬ್ಬಿನಲ್ಲಿ ‘ಜ್ಞಾನ’ ಎಂದು ಬರೆದು ನೋಡಿ, ಒತ್ತಿನ ಹೊಟ್ಟೆಯಲ್ಲಿ ಶಾಯಿ ತುಂಬಿ ಬರೀ ಚುಕ್ಕೆ ಉಳಿಯುತ್ತದೆ. ಇಂಗ್ಲಿಷ್ ಅಕ್ಷರ ಬರೆದು ತೋರಿಸಿ ಹೊಗಳುವ ಎಷ್ಟೋ ನಿಬ್ಬುಗಳು ಕನ್ನಡದ ಕೈಗೆ ಒಗ್ಗುವುದಿಲ್ಲ. ಜಪಾನಿನ ಪೆನ್ನುಗಳ ಸಣ್ಣ ನಿಬ್ಬು ನಮ್ಮ ಒತ್ತುಗಳಿಗೆ ಹೇಳಿಸಿದ ಹಾಗಿರುತ್ತದೆ. ತನ್ನ ಲಿಪಿಗೆ, ತನ್ನ ಕೈಗೆ ಯಾವ ಮೊನೆ ಸರಿ ಎಂದು ಹುಡುಕುವುದು ಗೀಳಲ್ಲ. ಅದು ತನ್ನ ಬರವಣಿಗೆಯನ್ನು ಗಮನಿಸಿ ನೋಡುವ ಒಂದು ಬಗೆ. ಈ ಹುಡುಕಾಟಕ್ಕೆ ನಾಲ್ಕೈದು ಪೆನ್ನು ಬೇಕಾದರೆ ಬೇಕಾಗಲಿ.

ಹುಡುಕಾಟ ಎಲ್ಲಿ ನಿಲ್ಲಬೇಕು ಎಂಬಲ್ಲಿ ತಕರಾರು ಶುರುವಾಗುತ್ತದೆ. ಶಾಯಿಗಳ ಹೆಸರನ್ನೇ ನೋಡಿ. ಜಪಾನಿನ ಪೈಲಟ್ ಕಂಪನಿ 2007ರಲ್ಲಿ ಇರೋಶಿಝುಕು ಎಂಬ ಶಾಯಿ ಸರಣಿ ತಂದಿತು. ಅದರ ಬಣ್ಣಗಳಿಗೆ ‘ನೀಲಿ’, ‘ಕಪ್ಪು’ ಎಂಬ ಸಪ್ಪೆ ಹೆಸರುಗಳಿಲ್ಲ. ಒಂದು ಬೆಳದಿಂಗಳ ರಾತ್ರಿ, ಇನ್ನೊಂದು ಆಳ ಕಡಲು, ಮತ್ತೊಂದು ಕಾಡು ದ್ರಾಕ್ಷಿ, ಮಗದೊಂದು ಬಿದಿರಿನ ಇದ್ದಿಲು. ತನ್ನ ಹುಟ್ಟನ್ನು 1670ಕ್ಕೆ ಒಯ್ಯುವ ಫ್ರಾನ್ಸಿನ ಎರ್ಬಾಂ ಸಂಸ್ಥೆಯ ಒಂದು ಶಾಯಿಯ ಹೆಸರು ಚಂದ್ರನ ಧೂಳು. ಇವೆಲ್ಲ ಚಿಕ್ಕ ಚಿಕ್ಕ ಕವಿತೆಗಳೇ. ಕಾವ್ಯ ಓದುವವರು ಇವಕ್ಕೆ ಸೋಲುವುದು ಸಹಜ. ಆದರೆ ಇಲ್ಲಿ ರೂಪಕ ಮಾಡುತ್ತಿರುವ ಕೆಲಸವನ್ನು ಗಮನಿಸಬೇಕು. ಕವಿತೆಯಲ್ಲಿ ಬೆಳದಿಂಗಳು ಎಂಬ ಮಾತು ನಮ್ಮೊಳಗೆ ಏನನ್ನಾದರೂ ಎಬ್ಬಿಸಿ, ನಮ್ಮಿಂದ ಕೆಲಸ ಮಾಡಿಸುತ್ತದೆ. ಸೀಸೆಯ ಮೇಲಿನ ಬೆಳದಿಂಗಳು ನಮ್ಮ ಕೆಲಸವನ್ನು ತಾನೇ ಮುಗಿಸಿಕೊಟ್ಟಂತೆ ನಟಿಸುತ್ತದೆ. ಬೆಳದಿಂಗಳ ಬಗ್ಗೆ ಒಂದು ಸಾಲನ್ನೂ ಬರೆಯದೆ ಬೆಳದಿಂಗಳನ್ನು ಕೊಂಡ ತೃಪ್ತಿ ಸಿಗುತ್ತದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಇಂದಿನ ಪೆನ್ನುಗಳ ಕನ್ವರ್ಟರಿನಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗಿಂತ ಕಡಿಮೆ ಶಾಯಿ ಹಿಡಿಯುತ್ತದೆ. 50 ಮಿಲಿಲೀಟರಿನ ಒಂದು ಸೀಸೆಯಿಂದ ಕನಿಷ್ಠ 50 ಸಲ ತುಂಬಬಹುದು. ವಾರಕ್ಕೊಮ್ಮೆ ತುಂಬುವಷ್ಟು ಬರೆಯುವವರಿಗೆ ಒಂದು ಸೀಸೆ ಸುಮಾರು ಒಂದು ವರ್ಷ ಸಾಕು. ಕಪಾಟಿನಲ್ಲಿ 20 ಸೀಸೆ ಇದ್ದರೆ 20 ವರ್ಷದ ಬರವಣಿಗೆ ಬಾಕಿ ಇದೆ ಎಂದರ್ಥ. ತುಂಬಿಟ್ಟ ಪೆನ್ನುಗಳ ಕಥೆಯೂ ಅಷ್ಟೆ. ಬಳಸದಿದ್ದರೆ ಶಾಯಿ ಒಣಗಿ ನಿಬ್ಬಿನ ದಾರಿ ಕಟ್ಟುತ್ತದೆ. ಮಿನುಗುವ ಪುಡಿ ಬೆರೆಸಿದ ಶಾಯಿಯಾದರೆ ಇನ್ನೂ ಬೇಗ. ಆಗ ಬಿಚ್ಚಿ, ತೊಳೆದು, ಒಣಗಿಸಬೇಕು. ಹತ್ತು ಪೆನ್ನಿಗೆ ಹತ್ತು ಬಣ್ಣ ತುಂಬಿದವರ ಭಾನುವಾರ ಬಚ್ಚಲಲ್ಲೇ ಕಳೆಯುತ್ತದೆ. ಬರೆಯಲು ಕೂತವರು ಪೆನ್ನುಗಳ ಆಳಾಗುವುದು ಹೀಗೆ.

ಈ ಇಬ್ಬಂದಿಯನ್ನು ಒಬ್ಬನೇ ಲೇಖಕನಲ್ಲಿ ಕಾಣಬಹುದು. ಜರ್ಮನಿಯ ವಿಮರ್ಶಕ ವಾಲ್ಟರ್ ಬೆಂಜಮಿನ್ ಪುಸ್ತಕ ಸಂಗ್ರಹದ ಬಗ್ಗೆ 1931ರಲ್ಲಿ ಬರೆದ ಪ್ರಬಂಧ ಸಂಗ್ರಾಹಕರಿಗೆಲ್ಲ ಅಚ್ಚುಮೆಚ್ಚು. ತನ್ನ ಗ್ರಂಥಾಲಯದ ಪೆಟ್ಟಿಗೆಗಳನ್ನು ಬಿಚ್ಚುತ್ತಾ, ಕೊಂಡ ಊರು, ಕೊಂಡ ಗಳಿಗೆ ಎಲ್ಲವನ್ನೂ ಆತ ನೆನೆಯುತ್ತಾನೆ. ಕೂಡಿಟ್ಟ ಪುಸ್ತಕವನ್ನೆಲ್ಲ ಓದಿರಲೇಬೇಕೆಂಬ ಹಟವೂ ಅವನಿಗಿಲ್ಲ. ಮುಂದೆ 1935ರಲ್ಲಿ ಪ್ಯಾರಿಸ್ ಕುರಿತು ಬರೆದ ಟಿಪ್ಪಣಿಯಲ್ಲಿ, ಉಪಯೋಗಕ್ಕೆ ಬರಬೇಕೆಂಬ ಜೀತದಿಂದ ವಸ್ತುಗಳನ್ನು ಬಿಡಿಸುವುದೇ ಸಂಗ್ರಾಹಕನ ಕೆಲಸ ಎಂಬ ಅರ್ಥದ ಮಾತು ಹೇಳುತ್ತಾನೆ. ಪೆನ್ನು ಕೂಡಿಡುವವರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ಆದರೆ ಇದೇ ಬೆಂಜಮಿನ್ 1928ರ ‘ಒನ್ ವೇ ಸ್ಟ್ರೀಟ್’ ಪುಸ್ತಕದಲ್ಲಿ ಬರಹಗಾರರಿಗೆ 13 ಸೂತ್ರಗಳನ್ನು ಕೊಟ್ಟಿದ್ದಾನೆ. ಅದರಲ್ಲೊಂದು ಸಾಧನಗಳ ಕುರಿತದ್ದು. ಕೈಗೆ ಸಿಕ್ಕಿದ್ದರಲ್ಲಿ ಬರೆಯಬೇಡಿ, ಇಂಥದೇ ಕಾಗದ, ಇಂಥದೇ ಪೆನ್ನು, ಇಂಥದೇ ಶಾಯಿ ಎಂಬ ಹಟ ಒಳ್ಳೆಯದೇ. ಐಷಾರಾಮ ಬೇಡ, ಸಮೃದ್ಧಿ ಬೇಕು ಎನ್ನುವುದು ಅದರ ಸಾರ.

ಸಂಗ್ರಾಹಕ ಬೆಂಜಮಿನ್ ವಸ್ತುವನ್ನು ಉಪಯೋಗದಿಂದ ಬಿಡಿಸುತ್ತಾನೆ, ಬರಹಗಾರ ಬೆಂಜಮಿನ್ ಅದನ್ನು ಉಪಯೋಗಕ್ಕೆ ಕಟ್ಟಿಹಾಕುತ್ತಾನೆ. ಪುಸ್ತಕದ ವಿಷಯದಲ್ಲಿ ಈ ಎರಡು ಮಾತು ಹೇಗೋ ಹೊಂದಿಕೊಂಡು ಹೋಗುತ್ತವೆ. ನಾನು ಓದದೆ ಇಟ್ಟ ಪುಸ್ತಕದೊಳಗೆ ಅದರ ಮಾತು ಹಾಗೇ ಇರುತ್ತದೆ. ನಾಳೆ ಮಗಳು ತೆಗೆದು ಓದಿಯಾಳು. ಬಳಸದೆ ಇಟ್ಟ ಪೆನ್ನಿನೊಳಗೆ ಅಂಥದ್ದೇನೂ ಇಲ್ಲ. ಪೆನ್ನಿನಲ್ಲಿ ಮಾತು ಕೂತಿರುವುದಿಲ್ಲ, ಅದು ಹಾದುಹೋಗುವ ದಾರಿ ಮಾತ್ರ. ಹಾಗಾಗಿ ಪುಸ್ತಕ ಸಂಗ್ರಹದ ತರ್ಕವನ್ನು ಪೆನ್ನಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗುವುದಿಲ್ಲ.

ರೋಲಾ ಬಾರ್ತ್ ಈ ರೋಗವನ್ನು ಇನ್ನಷ್ಟು ಹತ್ತಿರದಿಂದ ಬಲ್ಲವನು. 1973ರಲ್ಲಿ ಫ್ರಾನ್ಸಿನ ‘ಲ ಮೊಂದ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಪೆನ್ನು ಕಂಡರೆ ಕೊಳ್ಳದೆ ಇರಲಾರದ ತನ್ನ ಸ್ವಭಾವ, ಬಗೆಬಗೆಯ ಪೆನ್ನು ಪ್ರಯೋಗಿಸಿ ಕೊನೆಗೆ ಶಾಯಿ ಪೆನ್ನಿಗೇ ಮರಳುವ ಪರಿ, ಬಾಲ್ ಪೆನ್ನಿನ ಮೇಲಿನ ಅಸಹನೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಈ ಮಾತುಗಳನ್ನು ಪೆನ್ನು ಪ್ರಿಯರು ಹೆಮ್ಮೆಯಿಂದ ಉದಾಹರಿಸುತ್ತಾರೆ. ಆದರೆ ಬಾರ್ತ್ ಆ ಹೊತ್ತಿಗೆ ಹಲವು ಪುಸ್ತಕ ಬರೆದಾಗಿತ್ತು ಎಂಬುದನ್ನು ಮರೆಯುತ್ತಾರೆ. ಅವನ ಗೀಳು ಬರವಣಿಗೆಯ ಬೆನ್ನಿಗೆ ಬಂದದ್ದು. ಗೀಳಿನ ಬೆನ್ನಿಗೆ ಬರವಣಿಗೆ ತಾನಾಗಿ ಬರುತ್ತದೆಂಬ ಭರವಸೆ ಯಾರೂ ಕೊಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ನೆಲವನ್ನು ಬೈಯುವ ಬದಲು ಹೊಸ ನೆಲವನ್ನೇ ತರಿಸುತ್ತೇವೆ. ಈ ನಿಬ್ಬು ಬಂದಮೇಲೆ ದಿನಚರಿ ಶುರುಮಾಡೋಣ, ಆ ಕಾಗದ ಸಿಕ್ಕಮೇಲೆ ಕಥೆ ಮುಗಿಸೋಣ ಎನ್ನುತ್ತೇವೆ. ಅಂಗಡಿಯಲ್ಲಿ ನಮಗೆ ಸಿಗುವುದು ‘ನಾಳೆ ಬರೆಯುತ್ತೇನೆ’ ಎಂಬ ಸಮಾಧಾನ.

ಪೆನ್ನು ಸಾಧನವಾಗಿ ಉಳಿಯುವುದಕ್ಕೂ ವಿಗ್ರಹವಾಗುವುದಕ್ಕೂ ಇರುವ ಅಂತರಕ್ಕೆ ಗಾಂಧೀಜಿಯ ಹೆಸರಿನ ಎರಡು ಪೆನ್ನುಗಳೇ ಸಾಕ್ಷಿ. ಅವರಿಗೆ ಇಷ್ಟವಾಗಿದ್ದದ್ದು ಜೊಂಡಿನ ಕಡ್ಡಿಯ ಲೇಖನಿ. ಸ್ವದೇಶಿಯ ಆ ಕಾಲದಲ್ಲಿ ಆಂಧ್ರದ ರಾಜಮಂಡ್ರಿಯ ಕೆ. ವಿ. ರತ್ನಂ ದೇಶೀಯವಾಗಿ ಪೆನ್ನು ತಯಾರಿಸಿ ಅವರಿಗೆ ಕಳಿಸಿದರು. ಗಾಂಧೀಜಿ ಅದನ್ನು ಬಳಸಿ ನೋಡಿ, ವಿದೇಶಿ ಪೆನ್ನಿಗೆ ಬದಲಾಗಿ ಇದು ನಡೆಯುತ್ತದೆಂದು 1935ರಲ್ಲಿ ವಾರ್ಧಾದಿಂದ ಪತ್ರ ಬರೆದರು. ಬಳಸಿ ನೋಡಿದ ಮೇಲೆ ಕೊಟ್ಟ ಪ್ರಶಂಸೆ ಅದು. 2009ರಲ್ಲಿ ಮಾಂಟ್‌ಬ್ಲಾಂಕ್ ಕಂಪನಿ ಗಾಂಧಿ ಹೆಸರಿನಲ್ಲಿ ಸೀಮಿತ ಸಂಖ್ಯೆಯ ಪೆನ್ನು ಹೊರತಂದಿತು. ದಂಡಿಯಾತ್ರೆಯ 241 ಮೈಲಿಗೆ 241 ಪೆನ್ನು. ಚಿನ್ನದ ನಿಬ್ಬಿನ ಮೇಲೆ ಕೋಲು ಹಿಡಿದು ನಡೆಯುವ ಗಾಂಧಿ, ಬೆಲೆ 11 ಲಕ್ಷ ರೂಪಾಯಿಗೂ ಹೆಚ್ಚು. ಪ್ರಕರಣ ಕೇರಳ ಹೈಕೋರ್ಟಿನ ಮೆಟ್ಟಿಲೇರಿತು. 2010ರಲ್ಲಿ ಭಾರತದಲ್ಲಿ ಅದರ ಮಾರಾಟ ನಿಂತಿತು. ಬೆಲೆಯ ಬಗ್ಗೆ ಆಗ ಎಲ್ಲರೂ ಮಾತಾಡಿದರು. ನನ್ನನ್ನು ಕಾಡುವ ವಿಷಯ ಬೇರೆ. ಒಂದು ಮೈಲಿಗೆ ಒಂದು ಪೆನ್ನು ಎಂಬ ಲೆಕ್ಕದಲ್ಲಿ ನಡಿಗೆಯೇ ಕಾಣೆಯಾಗಿದೆ. ನಡೆದು ಸವೆಸಿದ ದಾರಿಯನ್ನು ಯಾರೂ ಸವೆಸಲಾರದ ವಸ್ತುವನ್ನಾಗಿ ಮಾಡಲಾಗಿದೆ. ಅಷ್ಟು ಬೆಲೆಯ ಪೆನ್ನಿನಲ್ಲಿ ಯಾರು ತಾನೇ ದಿನಸಿ ಪಟ್ಟಿ ಬರೆದಾರು?

ಹಾಗೆಂದು ಸಂಗ್ರಾಹಕರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ರಾಜಮಂಡ್ರಿಯಲ್ಲಿ, ತಮಿಳುನಾಡಿನ ತಿರುವಳ್ಳೂರಿನಲ್ಲಿ ಇಂದಿಗೂ ಗಟ್ಟಿ ರಬ್ಬರಾದ ಎಬೊನೈಟಿನ ಕೋಲನ್ನು ಲೇತಿಗೆ ಕೊಟ್ಟು ಕೈಯಲ್ಲಿ ಪೆನ್ನು ತಿರುವುವ ಕುಶಲಕರ್ಮಿಗಳಿದ್ದಾರೆ. ಸ್ವದೇಶಿ ಚಳವಳಿಯ ಹಿನ್ನೆಲೆಯಲ್ಲಿ 1934ರಲ್ಲಿ ಹುಟ್ಟಿದ ಬಂಗಾಳದ ಸುಲೇಖಾ ಶಾಯಿ, ನಡುವೆ ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದು ಮತ್ತೆ ಸೀಸೆಗಳಲ್ಲಿ ಸಿಗುತ್ತಿದೆ. ಪರೀಕ್ಷೆ ಬರೆಯುವ ಮಕ್ಕಳೆಲ್ಲ ಜೆಲ್ ಪೆನ್ನು ಹಿಡಿದಿರುವ ಕಾಲದಲ್ಲಿ ಈ ಕಸುಬುಗಳಿಗೆ ಅನ್ನ ಹಾಕುತ್ತಿರುವವರಲ್ಲಿ ಈ ಗೀಳಿನವರದು ದೊಡ್ಡ ಪಾಲು. ಅವರಿಲ್ಲದಿದ್ದರೆ ನಾಳೆ ಒಂದು ಒಳ್ಳೆಯ ಪೆನ್ನು ಬೇಕೆಂದರೂ ಸಿಗಲಿಕ್ಕಿಲ್ಲ. ಈ ಋಣವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಆ ಕುಶಲಕರ್ಮಿ ನಿಬ್ಬನ್ನು ಕೂರಿಸಿ, ಬರೆದು ನೋಡಿ, ಸರಿಯಾಗಿ ಹರಿಯುವ ತನಕ ಬಿಡದೆ ತಿದ್ದುವುದು ಪೆಟ್ಟಿಗೆಯಲ್ಲಿ ಮಲಗಿಸಲಿ ಎಂದಲ್ಲ. ಅವರ ಕೆಲಸಕ್ಕೆ ಕೊಡುವ ನಿಜವಾದ ಗೌರವ ಆ ನಿಬ್ಬು ನಮ್ಮ ಕೈಯ ಓರೆಗೆ ತಕ್ಕಂತೆ ಸವೆಯುವುದು.

ನವರಾತ್ರಿಯಲ್ಲಿ ನಮ್ಮ ಮನೆಗಳಲ್ಲಿ ಪುಸ್ತಕ, ಪೆನ್ನುಗಳನ್ನು ಶಾರದೆಯ ಮುಂದೆ ಪೂಜೆಗಿಡುತ್ತಾರೆ. ಆ ದಿನಗಳಲ್ಲಿ ಓದುವಂತಿಲ್ಲ, ಬರೆಯುವಂತಿಲ್ಲ. ಚಿಕ್ಕಂದಿನಲ್ಲಿ ಇದು ಎಲ್ಲ ಮಕ್ಕಳಿಗೂ ಇಷ್ಟವಾದ ಹಬ್ಬ. ಸಾಧನಕ್ಕೂ ಒಂದು ಬಿಡುವು, ಒಂದು ಹೂವು, ಒಂದು ನಮಸ್ಕಾರ ಸಲ್ಲಬೇಕೆಂಬ ತಿಳಿವಳಿಕೆ ದೊಡ್ಡದು. ಸಂಗ್ರಾಹಕರ ಪ್ರೀತಿಯಲ್ಲೂ ಅದರ ಎಳೆಯೊಂದಿದೆ. ಆದರೆ ಆ ಪೂಜೆಗೆ ಒಂದು ಕೊನೆಯ ದಿನವಿದೆ. ವಿಜಯದಶಮಿಯ ದಿನ ಪುಸ್ತಕ ತೆಗೆದು ನಾಲ್ಕು ಸಾಲಾದರೂ ಓದಬೇಕು, ಪೆನ್ನು ತೆಗೆದು ಒಂದಕ್ಷರವಾದರೂ ಬರೆಯಬೇಕು. ಕಪಾಟು ತುಂಬ ಪೆನ್ನು, ಶಾಯಿ ಕೂಡಿಟ್ಟ ಗೆಳೆಯರೊಡನೆ ನನಗೆ ಜಗಳವಿಲ್ಲ. ಒಂದೇ ಪ್ರಶ್ನೆ ಕೇಳಬೇಕೆನಿಸುತ್ತದೆ: ಇಷ್ಟು ಸೀಸೆಗಳಲ್ಲಿ ತಳ ಕಂಡದ್ದು ಎಷ್ಟು?