ವಾಲ್ವೋ, ಟ್ರಾನ್ಸಿಸ್ಟರೋ, ಕ್ಲಾಸ್-ಡಿಯೋ?

ಹೈ-ಫೈ ಹುಚ್ಚು ಹೊಸದಾಗಿ ಹಿಡಿದವರು ಮೊದಲು ಕೇಳುವುದು ಇದನ್ನೇ: ವಾಲ್ವ್ ಆಂಪ್ಲಿಫೈಯರ್ ಒಳ್ಳೆಯದೋ, ಟ್ರಾನ್ಸಿಸ್ಟರಿನದೋ? ಈ ಹಳೆಯ ಜಗಳಕ್ಕೆ ಈಗ ಕ್ಲಾಸ್-ಡಿ ಕೂಡ ಬಂದು ಸೇರಿದೆ. ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಧ್ವನಿಮುದ್ರಣದಲ್ಲಿ ಇದ್ದದ್ದು ಇದ್ದ ಹಾಗೆ ಬೇಕೋ, ಮೇಲೊಂದಿಷ್ಟು ಒಗ್ಗರಣೆಯೂ ಬೇಕೋ? ಎರಡೂ ತಪ್ಪಲ್ಲ.

ಒಗ್ಗರಣೆಗೆ ಹೆಸರಾದದ್ದು 300ಬಿ ವಾಲ್ವ್. ಅದನ್ನು ಒಂಟಿಯಾಗಿ ಬಳಸುವ ಆಂಪ್ಲಿಫೈಯರ್ ಕೊಡುವುದು ಸುಮಾರು 8 ವ್ಯಾಟ್. ಅದು ಮೂಲಸ್ವರಕ್ಕೆ ಎರಡನೆಯ ಹಾರ್ಮೋನಿಕ್ ಬೆರೆಸುತ್ತದೆ. ಷಡ್ಜ ನುಡಿಸಿದರೆ ಜೊತೆಗೆ ಮೇಲಿನ ಷಡ್ಜವೂ ಸಣ್ಣಗೆ ಕೇಳುತ್ತದೆ. ಮೂರನೆಯದು ಬೆರೆತರೆ ಅದರ ಮೇಲಿನ ಪಂಚಮ. ಇವೆರಡೂ ತಂಬೂರಿ ಶ್ರುತಿಗೆ ಸೇರಿದ ಸ್ವರಗಳೇ. ಆದ್ದರಿಂದ ಕಿವಿ ಇದನ್ನು ಕಲಬೆರಕೆ ಎನ್ನುವುದಿಲ್ಲ, ತುಂಬು ನಾದ ಎನ್ನುತ್ತದೆ. ಏಳನೆಯ ಹಾರ್ಮೋನಿಕ್ ಹಾಗಲ್ಲ, ಯಾವ ಸ್ವರಕ್ಕೂ ಸರಿಯಾಗಿ ಕೂರದೆ ಚುಚ್ಚುತ್ತದೆ. ಆರಂಭಕಾಲದ ಎಷ್ಟೋ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಒರಟು ಎನಿಸಿಕೊಂಡದ್ದಕ್ಕೆ ಇಂಥ ಮೇಲಿನ ಹಾರ್ಮೋನಿಕ್‌ಗಳೂ ಕಾರಣ.

ಕ್ಲಾಸ್-ಡಿಯಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತವೆ; ಕೊನೆಯಲ್ಲಿರುವ ಫಿಲ್ಟರ್ ಆ ಹೊಡೆತಗಳಿಂದ ಸಂಗೀತವನ್ನು ಸೋಸಿ ಕೊಡುತ್ತದೆ. ಪೂರ್ಣ ಶಕ್ತಿಯಲ್ಲಿ ದುಡಿಯುವಾಗ ಎಳೆದುಕೊಂಡ ವಿದ್ಯುತ್ತಿನಲ್ಲಿ ಶೇ. 90ರಷ್ಟು ಸ್ಪೀಕರ್ ತಲುಪಬಲ್ಲದು. ಸದಾ ಕರೆಂಟ್ ಹರಿಸುತ್ತಲೇ ಇರುವ ಕ್ಲಾಸ್-ಎ ಪೆಟ್ಟಿಗೆಯಾದರೆ ಬಹುಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ, ನಮ್ಮ ಏಪ್ರಿಲ್ ಸೆಕೆಯಲ್ಲಿ ಅದರ ಪಕ್ಕ ಕೂರುವವರಿಗೆ ನಮಸ್ಕಾರ. ಮೊದಮೊದಲು ಕ್ಲಾಸ್-ಡಿಯ ತೊಡಕಿದ್ದದ್ದು ಆ ಫಿಲ್ಟರಿನಲ್ಲೇ. ಸ್ಪೀಕರ್ ಬದಲಾದರೆ ಧ್ವನಿಯೂ ಬದಲಾಗುತ್ತಿತ್ತು. ಬೆಲ್ಜಿಯಂನ ಎಂಜಿನಿಯರ್ ಬ್ರೂನೊ ಪುಟ್ಜೇಸ್, ಫಿಲ್ಟರನ್ನೂ ಫೀಡ್‌ಬ್ಯಾಕಿನೊಳಗೆ ಸೇರಿಸಿ ಆ ತೊಡಕನ್ನು ಹತೋಟಿಗೆ ತಂದರು. ಫಿಲಿಪ್ಸ್‌ನಲ್ಲಿ ಶುರುವಾದ ಆ ಕೆಲಸ ಮುಂದೆ ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲುಗಳಲ್ಲಿ ಮಾಗಿತು. ಅವುಗಳ ಡಿಸ್ಟಾರ್ಶನ್ ಈಗ ಕಿವಿಗೆ ಸಿಗದಷ್ಟು ಕಡಿಮೆ.

ಹಾಗಾದರೆ ಒಗ್ಗರಣೆಯ ಗತಿ? 1985ರಲ್ಲಿ ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ ಅಮೆರಿಕದ ‘ಸ್ಟೀರಿಯೊಫೈಲ್’ ಪತ್ರಿಕೆಗೆ ಸವಾಲು ಹಾಕಿದರು. ನೀವು ಮೆಚ್ಚುವ ದುಬಾರಿ ಆಂಪ್ಲಿಫೈಯರನ್ನು ಮುಂದಿಡಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಅದರಂತೆಯೇ ಹಾಡಿಸುತ್ತೇನೆ ಎಂದು. ಎರಡರ ವ್ಯತ್ಯಾಸವನ್ನು ಅಳೆಯುತ್ತ, ತಿದ್ದುತ್ತ ಹೋದರು. ಕೊನೆಗೆ ಪತ್ರಿಕೆಯ ವಿಮರ್ಶಕರಿಗೆ ಇದು ಯಾವುದು, ಅದು ಯಾವುದು ಎಂದು ಹೇಳಲಾಗಲಿಲ್ಲ. ದುಬಾರಿ ಪೆಟ್ಟಿಗೆಯ ‘ಗುಣ’ ಎಂಬುದು ಅಳೆದು ನಕಲು ಮಾಡಬಹುದಾದದ್ದು ಎಂದಾಯಿತು. ಅಂದು ಬೆಸುಗೆ ಕಡ್ಡಿ ಹಿಡಿದು ಮಾಡಿದ್ದನ್ನು ಇಂದು ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಸಂಸ್ಕರಣೆ) ಚಿಪ್ ಮಾಡಬಲ್ಲದು. ಮುಂದಿನ ಆಂಪ್ಲಿಫೈಯರ್ ತಾನು ಸುಮ್ಮನಿದ್ದು, ರುಚಿಯನ್ನು ಸಾಫ್ಟ್‌ವೇರಿಗೆ ಬಿಡುತ್ತದೆ ಎಂದು ನನ್ನ ಎಣಿಕೆ. ವಾಲ್ವಿನ ಕೆಂಪು ಹೊಳಪಿಗೆ ಮನಸೋತವರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹೋಲಿಸಿ ಕೇಳುವಾಗ ಸದ್ದು ಸಮವಾಗಿರಲಿ. ಒಂದು ಡೆಸಿಬೆಲ್ ಜೋರಾಗಿರುವುದು ಜೋರಾಗಿ ಕೇಳದೆ ‘ಚೆನ್ನಾಗಿ’ ಕೇಳುತ್ತದೆ. ಮಾರುವವರಿಗೆ ಇದು ಗೊತ್ತು. ಒಂದೇ ಪರೀಕ್ಷಾ ನಾದವನ್ನು ಹರಿಸಿ, ಸ್ಪೀಕರ್ ತಂತಿಯ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಸಮ ಮಾಡಿ. ಆಮೇಲೆ ನಿಮಗೆ ಬಾಯಿಪಾಠವಾಗಿರುವ ಸಂಗೀತ ಹಾಕಿ. ವೀಣೆಯ ಮೀಟು ಇಳಿಯುವ ಬಗೆ, ಮೃದಂಗದ ಎಡಗಡೆಯ ಗುಂಕಿ, ಗಾಯಕರು ಉಸಿರೆಳೆಯುವ ಸದ್ದು ಇವನ್ನು ಗಮನಿಸಿ. ಯಾವುದು ನುಡಿಯುತ್ತಿದೆ ಎಂದು ಇನ್ನೊಬ್ಬರು ನಿಮಗೆ ತಿಳಿಸದೆ ಬದಲಿಸುತ್ತಿರಲಿ.

ವ್ಯತ್ಯಾಸ ಸಿಕ್ಕರೆ ಮೆಚ್ಚಿದ್ದನ್ನು ಕೊಳ್ಳಿ. ಸಿಗದಿದ್ದರೆ ಅಗ್ಗದ್ದನ್ನು ಕೊಂಡು, ಉಳಿದ ಹಣವನ್ನು ಸ್ಪೀಕರಿಗೆ ಹಾಕಿ.