ಕೆರೆ ತುಂಬಿದರಷ್ಟೇ ಸಾಕೆ?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಷ್ಟನ್ನು ಕೋಲಾರದ ಕೆರೆಗಳಿಗೆ ಹರಿಸಿ ಅಂತರ್ಜಲ ಹೆಚ್ಚಿಸುವುದು ಕೆ.ಸಿ. ವ್ಯಾಲಿ ಯೋಜನೆಯ ಗುರಿ. 2018ರಲ್ಲಿ ನೀರು ಲಕ್ಷ್ಮೀಸಾಗರ ಕೆರೆ ಸೇರಿತು. ಕೆಲವೇ ವಾರಗಳಲ್ಲಿ ಅಲ್ಲಿ ನೊರೆ ಎದ್ದಿತು. ಬತ್ತಿದ್ದ ಕೆರೆಗಳು ತುಂಬಿದ್ದು ನಿಜ. ಆದರೆ ಯೋಜನೆ ರೂಪುಗೊಂಡದ್ದು ಎರಡನೆಯ ಹಂತದ ಸಂಸ್ಕರಣೆಯನ್ನಷ್ಟೇ ನಂಬಿ.

ಈ ಹಂತದಲ್ಲಿ ಬ್ಯಾಕ್ಟೀರಿಯಗಳು ಸಾವಯವ ಕಶ್ಮಲವನ್ನು ವಿಘಟಿಸುತ್ತವೆ. ಜೈವಿಕ ಆಮ್ಲಜನಕ ಬೇಡಿಕೆ ತಗ್ಗುತ್ತದೆ. ನೈಟ್ರೇಟ್, ಫಾಸ್ಫೇಟ್, ರೋಗಾಣುಗಳು ಪೂರ್ತಿ ಹೋಗುವುದಿಲ್ಲ.

ಉಳಿದದ್ದನ್ನು ಮಣ್ಣೇ ಸೋಸುತ್ತದೆ ಎನ್ನುವವರು ಇಸ್ರೇಲಿನ ಶಫ್ದಾನ್ ಘಟಕವನ್ನು ಗಮನಿಸಬೇಕು. ಅಲ್ಲಿ ಟೆಲ್ ಅವೀವ್ ಪ್ರದೇಶದ ಸಂಸ್ಕರಿತ ನೀರು ಕರಾವಳಿಯ ಮರಳಿನಲ್ಲಿ ಇಂಗಿ, ನೆಗೆವ್ ಮರುಭೂಮಿಯ ಬೇಸಾಯಕ್ಕೆ ಹೋಗುತ್ತದೆ. ಇಂಗುವ ವಲಯವನ್ನು ಕುಡಿಯುವ ನೀರಿನ ಬಾವಿಗಳಿಂದ ಬೇರ್ಪಡಿಸಿ, ವೀಕ್ಷಣಾ ಬಾವಿಗಳಿಂದ ಕಾವಲು ಕಾಯುತ್ತಾರೆ. ಕೋಲಾರದ ತಳದಲ್ಲಿರುವುದು ಗಟ್ಟಿ ಶಿಲೆ; ಅದರ ಬಿರುಕುಗಳಲ್ಲಿ ನೀರು ಸರಿಯಾಗಿ ಸೋಸದೆಯೇ ಇಳಿಯಬಲ್ಲದು. ಅಲ್ಲಿನ ಹಲವರು ಕುಡಿಯುವುದೂ ಕೊಳವೆಬಾವಿಯ ನೀರನ್ನೇ.

ಶ್ರೀರಾಂಪುರ, ಹೊಸದುರ್ಗದಂತಹ ಬಯಲುಸೀಮೆಯ ಊರುಗಳ ತಳವೂ ಗಟ್ಟಿ ಶಿಲೆಯೇ. ಇಂತಹ ಕಡೆ ಕೆರೆಗೆ ಕೊಳಚೆ ಸಂಸ್ಕರಿತ ನೀರು ಬಿಡುವುದಾದರೆ ಮೂರನೆಯ ಹಂತದ ಸಂಸ್ಕರಣೆಯೂ, ಸುತ್ತಲಿನ ಕೊಳವೆಬಾವಿಗಳ ನಿಯತ ಪರೀಕ್ಷೆಯೂ ಮೊದಲ ಷರತ್ತಾಗಬೇಕು. ಜಲಮಟ್ಟ ಏರಿದ್ದಷ್ಟನ್ನೇ ಅಳೆದು ಯಶಸ್ಸೆಂದರೆ ಅರ್ಧ ಲೆಕ್ಕ ಮಾಡಿದಂತೆ.