ಪಂಪನ ವಂಶಕಥನ

ಮಹಾಕವಿ ಪಂಪನನ್ನು ಕುರಿತ ಚರ್ಚೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ: ಆತನು ವೈದಿಕ ಮನೆತನದವನೋ, ಜೈನ ಕವಿಯೋ? ಒಂದು ಪಕ್ಷದವರು ಶ್ರೀವತ್ಸ ಗೋತ್ರವನ್ನು ಎತ್ತಿಹಿಡಿಯುತ್ತಾರೆ. ಇನ್ನೊಂದು ಪಕ್ಷದವರು ಕ್ರಿ.ಶ. 941ರ 'ಆದಿಪುರಾಣ'ವನ್ನು ಮುಂದಿಡುತ್ತಾರೆ. ಸ್ವತಃ ಕವಿಗೆ ಈ ವ್ಯಾಜ್ಯವೇ ಇರಲಿಲ್ಲವೆಂಬುದನ್ನು ಇಬ್ಬರೂ ಮರೆಯುತ್ತಾರೆ.

'ವಿಕ್ರಮಾರ್ಜುನ ವಿಜಯ'ದ ಕೊನೆಯಲ್ಲಿ ಪಂಪನು ತನ್ನ ಪೀಳಿಗೆಯನ್ನು ಮಾಧವ ಸೋಮಯಾಜಿಯಿಂದ ಆರಂಭಿಸಿ, ಅಭಿಮಾನಚಂದ್ರ, ಕೊಮರಯ್ಯ, ಬಳಿಕ ತನ್ನ ತಂದೆ ಎಂದು ಕ್ರಮವಾಗಿ ಹೇಳುತ್ತಾನೆ. ಸೋಮಯಾಜಿಯು ಯಜ್ಞಗಳನ್ನು ಮಾಡಿ ಹೆಸರಾದವನು. ಆತನ ಗುಣಗಳನ್ನು ಮನಸಾರೆ ಹೊಗಳುವ ಕವಿ, ಹೋಮದ ಹೊಗೆಯಿಂದ ಆ ಶುಭ್ರ ಕೀರ್ತಿ ಕಪ್ಪಾಯಿತೆಂಬ ಮಾತನ್ನೂ ಸೇರಿಸುತ್ತಾನೆ. ಇದನ್ನು ಬರಿಯ ಅಲಂಕಾರವೆಂದು ತೇಲಿಸಿಬಿಡಲಾಗದು. ಅಹಿಂಸೆಯನ್ನು ನಂಬಿದ ವಂಶಜನೊಬ್ಬನು ಹಿರಿಯನನ್ನು ನಿಂದಿಸದೆ, ಮುಚ್ಚಿಡದೆ, ಹೇಳಬೇಕಾದುದನ್ನು ಹೇಳಿದ ಬಗೆ ಇದು. ಹಳೆಯ ಖಾತೆಯಿಂದ ಹೊಸ ಖಾತೆಗೆ ಶಿಲ್ಕು ತರುವವನು ಜಮೆಯನ್ನಷ್ಟೇ ತಂದು ಸಾಲವನ್ನು ಅಲ್ಲಿಯೇ ಬಿಟ್ಟರೆ ಲೆಕ್ಕ ಹೊಂದುವುದಿಲ್ಲ.

ಜಿನಧರ್ಮವನ್ನು ಸ್ವೀಕರಿಸಿದವನು ತಂದೆ ಭೀಮಪಯ್ಯ. ಬ್ರಾಹ್ಮಣಜಾತಿ ಶ್ರೇಷ್ಠವಾದುದು, ಅದಕ್ಕೆ ತಕ್ಕ ಧರ್ಮ ಜಿನಧರ್ಮ ಎಂಬುದು ಅವನ ನಂಬಿಕೆಯಾಗಿತ್ತೆಂದು ಕವಿಯೇ ತಿಳಿಸುತ್ತಾನೆ. ಈ ಕಾರಣ ದುರ್ಬಲವಾದುದೆಂದು ಒಪ್ಪಲೇಬೇಕು. ಜಿನಸೇನಾಚಾರ್ಯರನ್ನು ಅನುಸರಿಸಿ ಮಾನವಜಾತಿ ಒಂದೇ ಎಂದು ಸಾರಿದ 'ಆದಿಪುರಾಣ'ದ ಎದುರು ಅದು ನಿಲ್ಲುವುದಿಲ್ಲ. ಆದರೂ ತಂದೆಯ ಮಾತನ್ನು ಮಗನು ತಿದ್ದಿ ಬರೆಯಲಿಲ್ಲ. ಪ್ರಶಸ್ತಿ ಬರೆಯುವವರಲ್ಲಿ ಈ ಪ್ರಾಮಾಣಿಕತೆ ಅಪರೂಪ.

ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವು ಇದಕ್ಕಿಂತಲೂ ಅಮೂಲ್ಯವಾದುದು. ತೆಲಂಗಾಣದ ಕರೀಂನಗರ ಸೀಮೆಯ ಬೊಮ್ಮಲಗುಟ್ಟದ ಬಂಡೆಯಲ್ಲಿ, ಜಿನಬಿಂಬಗಳ ಸಾನ್ನಿಧ್ಯದಲ್ಲಿ, ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಅದು ಕೊರೆಯಲ್ಪಟ್ಟಿದೆ. ಧರ್ಮ ಬದಲಾದ ಮೇಲೂ ಅಲ್ಲಿ ಗೋತ್ರವಿದೆ, ವೆಂಗಿನಾಡಿನ ಊರಿದೆ. ಕೊಂಡಕುಂದೆಯ ಪರಂಪರೆಯ ಜಯಣಂದಿ ಭಟಾರರ ಶಿಷ್ಯನೆಂಬ ಗುರುತೂ ಇದೆ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು, ಎಂಬ ಸಂಗತಿಯೂ ಈ ಕಲ್ಲಿನಿಂದಲೇ ದೊರೆತಿದೆ. ರಕ್ತದ ಬೇರು, ನೆಲದ ಬೇರು, ಗುರುವಿನ ಬೇರು ಒಂದೇ ಬಂಡೆಯ ಮೇಲೆ ಜಗಳವಿಲ್ಲದೆ ಕುಳಿತಿವೆ. ಆದಿಕವಿಯ ತಾಯಿಯ ಹೆಸರನ್ನು ನಾಡಿಗೆ ಉಳಿಸಿಕೊಟ್ಟವನು ಆ ತಮ್ಮ.

ಇದಕ್ಕೆ ವಿರುದ್ಧವಾದ ಚಿತ್ರ 'ಆದಿಪುರಾಣ'ದಲ್ಲಿಯೇ ಇದೆ. ಷಟ್ಖಂಡವನ್ನು ಗೆದ್ದ ಭರತನು ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ಬೆಟ್ಟವೆಲ್ಲ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ತುಂಬಿಹೋಗಿದೆ. ತಾನೊಬ್ಬನೇ ಎಂಬ ಗರ್ವ ಅಲ್ಲಿ ಇಳಿಯುತ್ತದೆ. ಆದರೂ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ. ಗರ್ವ ಇಳಿದರೂ ಕೈ ನಿಲ್ಲಲಿಲ್ಲ! ಪಂಪನ ಮನಶ್ಶಾಸ್ತ್ರಜ್ಞಾನಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜೀರ್ಣೋದ್ಧಾರದ ಹೆಸರಿನಲ್ಲಿ ಇಂದು ಕೆಲವು ಬಸದಿಗಳಲ್ಲಿ ನಡೆಯುತ್ತಿರುವುದು ವೃಷಭಾಚಲದ ಕಥೆಯೇ. ಹಳೆಯ ದಾನಶಾಸನದ ಮೇಲೆ ಸುಣ್ಣ, ಅದರ ಮೇಲೆ ಗಾರೆ, ಅದರ ಮೇಲೆ ಹೊಸ ದಾನಿಗಳ ಗ್ರಾನೈಟ್ ಫಲಕ. ಆ ಫಲಕಗಳಲ್ಲಿ ಎಷ್ಟೋ ವೇಳೆ ಸ್ತ್ರೀಯರಿಗೆ 'ಧರ್ಮಪತ್ನಿ' ಎಂಬುದರಾಚೆ ಸ್ವಂತ ಹೆಸರೂ ಇರುವುದಿಲ್ಲ. ಮನೆಗಳಲ್ಲಿಯೂ ತಂದೆಯ ಕಡೆಯ ನಾಲ್ಕು ತಲೆಮಾರನ್ನು ಹೇಳಬಲ್ಲ ಮಕ್ಕಳು ಅಜ್ಜಿಯ ತವರೂರನ್ನು ಅರಿಯರು. ಗಾರೆಯ ಕೆಲಸಕ್ಕೆ ಕೈಹಾಕುವ ಮುನ್ನ ಗೋಡೆಯಲ್ಲಿರುವ ಅಕ್ಷರಗಳ ಪಡಿಯಚ್ಚು ತೆಗೆಸಲು, ಓದಬಲ್ಲವರನ್ನು ಕರೆಸಲು, ಟ್ರಸ್ಟುಗಳಿಗೆ ತಗಲುವ ವೆಚ್ಚ ಒಂದು ಫಲಕದ ಬೆಲೆಗಿಂತ ಹೆಚ್ಚಲ್ಲ. ಆ ಸುಣ್ಣದ ಕೆಳಗೆ ಯಾವ ಅಬ್ಬಣಬ್ಬೆಯಿದ್ದಾಳೋ ತಿಳಿದವರಾರು?